ಹಾಲು ಕರೆಯುವ ಸರದಿ

ಜೂನ್ 6

ಸೊಸೆಗೆ ಅತ್ತೆಯ ಆಶೀರ್ವಾದ.

ನೀನು ಹಾಸ್ಟೆಲು ಸೇರಿದ ಸುದ್ದಿ ತಿಳಿದು ಸಮಾಧಾನ ಆಯಿತು. ಆದರೆ ಇನ್ನು ಮೇಲೆ ಫೋನು ಮಾಡಬೇಡ. ಅವತ್ತು ನಿನ್ನ ದನಿ ಕೇಳಿದ ಮೇಲೆ ನಿನ್ನ ಮಗಳು, ನಮ್ಮ ಚಿನಕುರುಳಿ, ತಟ್ಟೆ ಮುಂದೆ ಕೂತು ಒಂದು ತುತ್ತು ಎತ್ತಲಿಲ್ಲ. ಫೋನನ್ನು ಅಲ್ಲಾಡಿಸಿ "ಅಮ್ಮ ಒಳಗಿದಾಳೆ, ಹೊರಗೆ ತೆಗಿ" ಅಂತ ಒಂದೇ ಅಳು. ನಾಲ್ಕು ವರ್ಷದ ಮಗುವಿಗೆ ಏನಂತ ಹೇಳಲಿ? ಕಾಗದ ಬರಿ. ಕಾಗದ ಯಾರನ್ನೂ ಅಳಿಸುವುದಿಲ್ಲ. ನನ್ನ ಕನ್ನಡಕಕ್ಕೂ ಒಂದು ಕೆಲಸ ಸಿಕ್ಕ ಹಾಗಾಗುತ್ತೆ.

"ಹಾಲು ಕರೆಯೋದು ಕಲಿಯೋಕೆ ಆರು ತಿಂಗಳ ಶಾಲೆನಾ?" ಅಂತ ಪಕ್ಕದ ಮನೆ ದರ್ಜಿ ಹಲ್ಲು ಕಿರಿದ. ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ. ನಲವತ್ತು ವರ್ಷದಿಂದ ಈ ಕೈ ಕರೆಯುತ್ತಾ ಬಂದಿದೆ, ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ಆದರೆ ಡೇರಿಯವನು ನಮ್ಮ ಹಾಲು ಒಡೆಯುತ್ತೆ ಅಂತ ಎಲ್ಲರೆದುರು ಕ್ಯಾನು ವಾಪಸ್ಸು ಕೊಟ್ಟನಲ್ಲ, ಅವತ್ತು ನಿನ್ನ ಮುಖ ನೋಡಿದ್ದೆ. ಅದಕ್ಕೇ ನೀನು ಹೊರಟಾಗ ಬೇಡ ಅನ್ನಲಿಲ್ಲ.

ಹಸುಗಳು ಚೆನ್ನಾಗಿವೆ. ದೊಡ್ಡಮ್ಮ ನೀನು ಹೋದ ಮೇಲೆ ಎರಡು ದಿನ ಬಾಗಿಲ ಕಡೆ ನೋಡಿದಳು, ಆಮೇಲೆ ಬೂಸಾ ನೋಡಿದಳು. ಅವಳ ಮಗಳು ಗಯ್ಯಾಳಿ ಹೆಸರಿಗೆ ತಕ್ಕ ಹಾಗೆ ನಿನ್ನೆ ನನ್ನ ಮೊಣಕಾಲಿಗೆ ಒದ್ದಳು. ಮೊಮ್ಮಗಳು ಸಣ್ಣಿ ಗಬ್ಬದ ಭಾರಕ್ಕೆ ಈಗಲೇ ಏದುಸಿರು ಬಿಡುತ್ತಾಳೆ. ನಿನ್ನ ಗಂಡ ಸಾಮಿಲ್ಲಿನಿಂದ ಬಂದವನು ಮೊದಲು ಕೆಮ್ಮುತ್ತಾನೆ, ಆಮೇಲೆ ಚಪ್ಪಲಿ ಬಿಡುತ್ತಾನೆ. ಮರದ ಪುಡಿ ಅವನ ಎದೆಯಲ್ಲೇ ಮನೆ ಮಾಡಿದೆ. ನೀನು ಕಲಿತು ಬಂದು ಈ ಮೂರನ್ನು ಆರು ಮಾಡಿದರೆ ಅವನು ಆ ಗರಗಸಕ್ಕೆ ಕೈಮುಗಿದು ಮನೆಗೆ ಬರಬಹುದು. ಆ ಒಂದು ಆಸೆಗೇ ನಿನ್ನ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡಿದ್ದೇನೆ, ತಿಳಿದಿರಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ಅತ್ತೆ

ಜೂನ್ 21

ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ಪಕ್ಕದ ಮಂಚದವಳು "ಅದೇನು ಪರೀಕ್ಷೆಗೆ ಬರುತ್ತಾ?" ಅಂತ ಕೇಳಿದಳು.

ಇಲ್ಲಿಯ ಕೊಟ್ಟಿಗೆ ನೋಡಿದರೆ ನೀವು ಚಪ್ಪಲಿ ಹೊರಗೆ ಬಿಟ್ಟು ಬರುತ್ತೀರಿ. ಸಿಮೆಂಟು ನೆಲ, ನಲ್ಲಿ ತಿರುಗಿಸಿದರೆ ನೀರು, ಸಗಣಿ ಬಾಚಲು ಬೇರೆ ಆಳು. ನಾವು ಕೆರೆಯಿಂದ ಕೊಡ ಹೊತ್ತು ಕೆಚ್ಚಲು ತೊಳೆಯುವುದನ್ನು ಹೇಳಿದರೆ ಇಲ್ಲಿನ ಮೇಡಂ ಸುಮ್ಮನೆ ತಲೆ ಆಡಿಸುತ್ತಾರೆ, ನಂಬಿದರೋ ಇಲ್ಲವೋ ಗೊತ್ತಾಗುವುದಿಲ್ಲ.

ಅತ್ತೆ, ನಮ್ಮ ಹಾಲು ಯಾಕೆ ಒಡೆಯುತ್ತಿತ್ತು ಅಂತ ಈಗ ತಿಳಿಯಿತು. ಕೆಚ್ಚಲು ಬಾವು ಅಂದರೆ ಊದಿ ಕೆಂಪಾಗುವುದು ಅಂತ ತಾನೇ ನಾವು ತಿಳಿದದ್ದು? ಊದದೆ, ನೋಯದೆ ಒಳಗೊಳಗೇ ಇರುವ ಬಾವೂ ಒಂದಿದೆಯಂತೆ. ಹಸು ಮೇಯುತ್ತೆ, ಹಾಲೂ ಕೊಡುತ್ತೆ. ಮೊದಲ ಧಾರೆಯಲ್ಲಿ ಮಾತ್ರ ಸಣ್ಣ ಬಿಳಿ ಕಣ ಬರುತ್ತೆ. ನಾನು ಮನೆಯಲ್ಲಿದ್ದಾಗ ದೊಡ್ಡಮ್ಮನ ಹಾಲಿನಲ್ಲಿ ಅಂಥದ್ದನ್ನು ನೋಡಿ ಕೆನೆ ಅಂದುಕೊಂಡಿದ್ದೆ. ಅದು ನಮ್ಮ ಕೈಯಿಂದ, ಒರೆಸುವ ಬಟ್ಟೆಯಿಂದ ಒಂದರಿಂದ ಇನ್ನೊಂದಕ್ಕೆ ಹೋಗುತ್ತೆ.

ನೀವು ಹೀಗೆ ಮಾಡಬೇಕು. ಮೊದಲ ಎರಡು ಧಾರೆಯನ್ನು ಕಪ್ಪು ಬಟ್ಟಲಿಗೆ ಕರೆದು ನೋಡಿ. ಒಂದೊಂದು ಹಸುವಿಗೆ ಒಂದೊಂದು ಬಟ್ಟೆ. ಕರೆದಾದ ಮೇಲೆ ತೊಟ್ಟುಗಳನ್ನು ಅಯೋಡಿನ್ ಔಷಧಿಯಲ್ಲಿ ಅದ್ದಿ, ಬಾಟಲಿಯನ್ನು ಇವರ ಸ್ನೇಹಿತರ ಕೈಲಿ ಕಳಿಸಿದ್ದೇನೆ. ಯಾರಲ್ಲಿ ಕಣ ಕಾಣುತ್ತೋ ಆ ಹಸುವನ್ನು ಎಲ್ಲರಿಗಿಂತ ಕೊನೆಗೆ ಕರೆಯಬೇಕು. ಅಂದರೆ ಈಗ ಮೊದಲು ಗಯ್ಯಾಳಿ, ಕೊನೆಗೆ ದೊಡ್ಡಮ್ಮ; ಸಣ್ಣಿ ಕರು ಹಾಕಿದ ಮೇಲೆ ಅವಳು ಎಲ್ಲರಿಗಿಂತ ಮೊದಲು. ಕಾಯಿಲೆ ಇರುವ ಹಸುವಿಗೆ ಬೇರೆ ಕೊಟ್ಟಿಗೆ ಇದ್ದರೆ ಇನ್ನೂ ಒಳ್ಳೆಯದು ಅಂತ ಪುಸ್ತಕದಲ್ಲಿದೆ.

ಮಗುವಿನ ಕೆನ್ನೆಗೆ ನನ್ನದೊಂದು ಮುತ್ತು ಕೊಡಿ. ಯಾರದು ಅಂತ ಹೇಳಬೇಡಿ.

ನಿಮ್ಮ ಸೊಸೆ

ಜುಲೈ 5

ಸೊಸೆಗೆ ಆಶೀರ್ವಾದ.

ಬೇರೆ ಕೊಟ್ಟಿಗೆಯಂತೆ! ನಿನ್ನ ಗಂಡ ಕೆಮ್ಮುವಾಗ ಅವನಿಗೆ ಮಲಗಲು ಬೇರೆ ಕೋಣೆ ಇಲ್ಲ ಈ ಮನೆಯಲ್ಲಿ. ನಿನ್ನ ಪುಸ್ತಕ ಬರೆದವರು ಒಂದು ಸಲ ಬಂದು ಇಲ್ಲಿ ಕಾಲು ಚಾಚಿ ತೋರಿಸಲಿ.

ಆದರೆ ಮಿಕ್ಕಿದ್ದನ್ನು ಮಾಡಿದ್ದೇನೆ. ನಿನ್ನ ಮಾವನ ಅಂಗಿಗಳು ಪೆಟ್ಟಿಗೆಯಲ್ಲಿದ್ದವಲ್ಲ, ಅವುಗಳಲ್ಲಿ ಮೂರನ್ನು ಹರಿದೆ. ಗೀರಿನದು ದೊಡ್ಡಮ್ಮನಿಗೆ, ನೀಲಿ ಗಯ್ಯಾಳಿಗೆ, ಬಿಳಿ ಸಣ್ಣಿಗೆ ಅಂತ ಎತ್ತಿಟ್ಟೆ. ಬದುಕಿದ್ದಾಗ ಕೊಟ್ಟಿಗೆಗೆ ಕಾಲಿಡದ ಮನುಷ್ಯ, ಈಗ ಅವರ ಅಂಗಿ ದಿನಾ ಕೆಚ್ಚಲು ಒರೆಸುತ್ತೆ. ಔಷಧಿ ಅದ್ದುವಾಗ ಗಯ್ಯಾಳಿ ಬಟ್ಟಲು ಹಾರಿಸಿದಳು. ಮಾರನೇ ದಿನದಿಂದ ಸುಮ್ಮನಿದ್ದಾಳೆ. ಕಪ್ಪು ಬಟ್ಟಲಿಗೂ ನೋಡಿದೆ. ನೀನು ಹೇಳಿದ್ದು ನಿಜ, ದೊಡ್ಡಮ್ಮನ ಧಾರೆಯಲ್ಲಿ ಕಣ ಇತ್ತು.

ಅದೊಂದನ್ನು ಮಾತ್ರ ನಾನು ಮಾಡುವುದಿಲ್ಲ. ದೊಡ್ಡಮ್ಮನನ್ನು ಕೊನೆಗೆ ಕರೆಯುವುದು.

ನನ್ನ ಹಟ ಅಂದುಕೊಳ್ಳಬೇಡ, ಪ್ರಯತ್ನ ಮಾಡಿದೆ. ಬಕೆಟ್ಟಿನ ಸದ್ದು ಕೇಳಿ ಅವಳು ಎದ್ದು ನಿಂತಿದ್ದಳು. ನಾನು ಅವಳನ್ನು ದಾಟಿಕೊಂಡು ಗಯ್ಯಾಳಿಯ ಹತ್ತಿರ ಕೂತೆ. ಅವಳು ಕೂಗಲಿಲ್ಲ, ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಾ ನಿಂತಳು. ಕೊನೆಗೆ ಅವಳ ಹತ್ತಿರ ಹೋದರೆ ಒಂದು ಲೋಟ ಹಾಲೂ ಇಳಿಸಲಿಲ್ಲ. ಈ ಕೊಟ್ಟಿಗೆಯಲ್ಲಿ ಹಿರಿಯಳು ಮೊದಲು ಅನ್ನೋದು ನನ್ನ ಅತ್ತೆಯ ಕಾಲದಿಂದ ನಡೆದು ಬಂದದ್ದು. ಉಳಿದವು ಅವಳ ಹೊಟ್ಟೆಯಲ್ಲಿ ಹುಟ್ಟಿದವು. ಮಕ್ಕಳು ಮೊಮ್ಮಕ್ಕಳದ್ದೆಲ್ಲ ಆದ ಮೇಲೆ ನೀನು ಬಾ ಅಂತ ಅವಳಿಗೆ ಹೇಗೆ ಹೇಳಲಿ?

ನೀನು ಬರೆದದ್ದು ಹಸುವಿನ ವಿಷಯ ಅಂತ ಗೊತ್ತು. ಆದರೂ ಓದುವಾಗ ಚುಚ್ಚಿತು. ಈ ಮನೆಗೆ ಬಂದ ಮೇಲೆ ಎಲ್ಲರೂ ಉಂಡೆದ್ದ ನಂತರ ಪಾತ್ರೆ ತಳ ಕೆರೆದು ಉಂಡವಳು ನಾನು, ನನ್ನ ಅತ್ತೆ ಸಾಯುವ ತನಕ. ನೀನು ಬಂದು ನನಗೆ ಮೊದಲು ಬಡಿಸಿದ ದಿನ ಆದ ಸಂತೋಷ ಇವತ್ತಿಗೂ ಮರೆತಿಲ್ಲ. ಈಗ ನಿನ್ನ ಕೈಯಲ್ಲೇ "ವಯಸ್ಸಾದವಳು ಕೊನೆಗೆ" ಅಂತ ಬರೆದು ಬಂದರೆ ಹೇಗಾಗಬೇಡ?

ನಾನು ಮುಖ ಊದಿಸಿಕೊಂಡಿಲ್ಲ. ಇದ್ದದ್ದನ್ನು ಹೇಳಿದೆ.

ನಿನ್ನ ಅತ್ತೆ

ಜುಲೈ 19

ಅತ್ತೆಯವರಿಗೆ ನಮಸ್ಕಾರ.

ನಿಮಗೆ ನೋವಾಯಿತು ಅಂತ ಓದಿ ನನಗೆ ಎರಡು ದಿನ ಪಾಠ ತಲೆಗೆ ಹತ್ತಲಿಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ನಿಮ್ಮನ್ನು ಕೊನೆಗೆ ಕೂರಿಸುವ ಸೊಸೆ ನಾನಲ್ಲ.

ಮೇಡಂ ಹತ್ತಿರ ಕೇಳಿದೆ. "ಸರದಿ ತಪ್ಪಿದರೆ ಮಿಕ್ಕಿದ್ದೆಲ್ಲ ಮಾಡಿಯೂ ದಂಡ, ಖಡಾಖಂಡಿತ ಹೇಳಿಬಿಡು" ಅಂದರು. ಹಾಗೇ ಬರೆಯಲು ಕೂತೆ. ಬರೆದದ್ದನ್ನು ಓದಿಕೊಂಡರೆ ಅದು ಡೇರಿಯವನು ಮಾತಾಡಿದ ಹಾಗಿತ್ತು, ಹರಿದು ಹಾಕಿದೆ.

ಆಗಲಿ ಅತ್ತೆ. ಕೊಟ್ಟಿಗೆ ನೋಡಿಕೊಳ್ಳುತ್ತಿರುವವರು ನೀವು, ನಿಮಗೆ ಸರಿ ಕಂಡ ಹಾಗೆ ಮಾಡಿ. ದೊಡ್ಡಮ್ಮನನ್ನೇ ಮೊದಲು ಕರೆಯಿರಿ. ಆದರೆ ಅವಳದು ಮುಗಿದ ಮೇಲೆ ಸೋಪು ಹಾಕಿ ಮೊಣಕೈವರೆಗೂ ತೊಳೆದುಕೊಳ್ಳಿ. ಅವಳ ಹಾಲನ್ನು ಕ್ಯಾನಿಗೆ ಬೆರೆಸಬೇಡಿ. ದನದ ಡಾಕ್ಟರಿಗೆ ಒಂದು ಸಲ ತೋರಿಸಿ. ಸಣ್ಣಿ ಕರು ಹಾಕುವ ಹೊತ್ತು ಹತ್ತಿರ ಬಂತು, ಕರು ಹಾಕಿದ ಹೊಸದರಲ್ಲಿ ಈ ಕಾಯಿಲೆ ಬೇಗ ಹತ್ತುತ್ತಂತೆ, ಅದಕ್ಕೇ ನನಗೆ ಸ್ವಲ್ಪ ಹೆದರಿಕೆ.

ಹೆಚ್ಚು ಹೇಳಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ನಿಮ್ಮ ಸೊಸೆ

ಆಗಸ್ಟ್ 11

ಸೊಸೆಗೆ ಆಶೀರ್ವಾದ.

ಸಣ್ಣಿ ಕರು ಹಾಕಿದಳು! ಹೆಣ್ಣು ಕರು, ಹಣೆಯ ಮೇಲೆ ಮಾತ್ರ ಬಿಳಿ. ಹಾಲು ಎಷ್ಟು ಅಂತೀಯ, ಬಕೆಟ್ಟಿನ ನೊರೆ ನೋಡಿ ದರ್ಜಿಯ ಹೆಂಡತಿ ಕಣ್ಣು ಹಾಕುತ್ತಾಳೆ ಅಂತ ಸೆರಗು ಮುಚ್ಚಿಕೊಂಡು ತಂದೆ. ಚಿನಕುರುಳಿ ಕರುವಿನ ಪಕ್ಕದಲ್ಲೇ ಮಲಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಿನ್ನ ಗಂಡನೂ ಬಹಳ ದಿನಕ್ಕೆ ನಕ್ಕ. "ಅಮ್ಮ, ಕೆಲಸ ಬಿಡ್ತೀನಿ ಅಂತ ಮಿಲ್ಲಿನಲ್ಲಿ ಹೇಳಿಬಿಡ್ಲಾ?" ಅಂದ. "ಸೊಸೆ ಬರಲಿ ತಾಳು" ಅಂದೆ.

ಡಾಕ್ಟರು ಬಂದಿದ್ದರು. ಅವರು ಈ ಕಡೆ ಬರುವುದೇ ಗುರುವಾರ, ಅದೂ ಅವರ ಬೈಕು ಸರಿಯಿದ್ದರೆ. ದೊಡ್ಡಮ್ಮನಿಗೆ ಸೂಜಿ ಚುಚ್ಚಿ, ಅವಳ ಹಾಲು ಚೆಲ್ಲಿ ಅಂದರು. ಚೆಲ್ಲಿದೆ. ಕೈಯಾರೆ ಕರೆದ ಹಾಲನ್ನು ಗುಂಡಿಗೆ ಸುರಿಯುವಾಗ ಮುಖ ಆಚೆ ತಿರುಗಿಸಿಕೊಂಡೆ. ಇನ್ನೂ ಎರಡು ಸೂಜಿ ಬಾಕಿ ಇತ್ತು, ಮುಂದಿನ ಗುರುವಾರ ಅವರು ಬರಲೇ ಇಲ್ಲ. ಕಣ ಈಗ ಕಮ್ಮಿ ಕಾಣುತ್ತೆ, ಅಥವಾ ನನ್ನ ಕಣ್ಣು ಮಂಜಾಗಿದೆ.

ನಿನ್ನ ಔಷಧಿ ತಳ ಕಂಡಿತು. ಪೇಟೆಯಲ್ಲಿ ಕೇಳಿದರೆ ದೊಡ್ಡ ಫಾರಮ್ಮಿನವರು ಕೊಳ್ಳುವ ಡಬ್ಬ ತೋರಿಸಿದರು, ಅದರಲ್ಲಿ ನಾನು ಈಜಬಹುದು. ಬಿಡಿಯಾಗಿ ಕೊಡುವುದಿಲ್ಲವಂತೆ. ಅದಕ್ಕೇ ಉಳಿದದ್ದಕ್ಕೆ ನೀರು ಬೆರೆಸಿ ನಡೆಸುತ್ತಿದ್ದೇನೆ. ಜನ್ಮದಲ್ಲಿ ಹಾಲಿಗೆ ನೀರು ಬೆರೆಸಿದವಳಲ್ಲ, ಕೊನೆಗೆ ಔಷಧಿಗೆ ಬೆರೆಸಿದೆ ನೋಡು.

ಸರದಿ ಮೊದಲಿನ ಹಾಗೇ ಇದೆ. ಕೈ ತೊಳೆಯುತ್ತೇನೆ. ನೀರು ಕಮ್ಮಿ ಇದ್ದ ದಿನ ಒರೆಸಿಕೊಳ್ಳುತ್ತೇನೆ.

ನಿನ್ನ ಅತ್ತೆ

ಆಗಸ್ಟ್ 24

ಅತ್ತೆಯವರಿಗೆ ನಮಸ್ಕಾರ.

ಕರುವಿನ ಸುದ್ದಿ ಕೇಳಿ ಹಾಸ್ಟೆಲಿನಲ್ಲಿ ಎಲ್ಲರಿಗೂ ಸಿಹಿ ಹಂಚಿದೆ. ಮನೆಯವರು ನಕ್ಕರು ಅಂದಿರಲ್ಲ, ಅದನ್ನು ಓದಿ ನನಗೆ ಅಳು ಬಂತು.

ಔಷಧಿಗೆ ನೀರು ಬೆರೆಸಿದರೆ ಅದು ಬರೀ ಬಣ್ಣದ ನೀರು ಅತ್ತೆ. ಇನ್ನೆರಡು ಬಾಟಲಿ ಪಾರ್ಸೆಲ್ ಮಾಡಿದ್ದೇನೆ, ಅದು ತಲುಪುವ ತನಕ ಸಣ್ಣಿಯನ್ನಾದರೂ ದೊಡ್ಡಮ್ಮನಿಗಿಂತ ಮೊದಲು ಕರೆಯಲು ಆಗುತ್ತದೆಯೇ? ಆಗುವ ಹಾಗಿದ್ದರೆ ನೋಡಿ. ಒತ್ತಾಯ ಅಂತ ಅಲ್ಲ.

ಮೇಡಂ ನಿನ್ನೆ ಕರೆದು, ಕೋರ್ಸು ಮುಗಿದ ಮೇಲೆ ಇಲ್ಲೇ ಕೆಲಸ ಇದೆ, ಮನೆಮನೆಗೆ ಹೋಗಿ ಹಸು ಸಾಕುವವರಿಗೆ ಹೇಳಿಕೊಡುವುದು ಅಂದರು. ಮನೆಯಲ್ಲಿ ನನಗಾಗಿ ಮೂರು ಹಸು ಕಾಯುತ್ತಿವೆ, ಈಗ ನಾಲ್ಕು, ಅಂತ ಹೇಳಿ ಬಂದೆ.

ನಿಮ್ಮ ಸೊಸೆ

ಸೆಪ್ಟೆಂಬರ್ 16

ಅತ್ತೆಯವರಿಗೆ,

ಪಾರ್ಸೆಲ್ ತಲುಪಿತೇ? ನಿಮ್ಮಿಂದ ಕಾಗದವೇ ಇಲ್ಲ. ಫೋನು ಮಾಡಿದರೆ ಇವರು "ಎಲ್ಲಾ ಆರಾಮ, ಓದ್ಕೋ" ಅಂತ ಇಟ್ಟುಬಿಡುತ್ತಾರೆ. ಎಲ್ಲಾ ಆರಾಮ ಇದ್ದರೆ ನೀವು ನನ್ನನ್ನು ಯಾವುದಕ್ಕಾದರೂ ಬೈದು ನಾಲ್ಕು ಸಾಲು ಬರೆಯುತ್ತಿದ್ದಿರಿ. ನನ್ನ ಮೇಲೆ ಕೋಪವೇ? ಮಗು ಚೆನ್ನಾಗಿದೆಯೇ? ಅದನ್ನಾದರೂ ತಿಳಿಸಿ.

ನಿಮ್ಮ ಸೊಸೆ

ಸೆಪ್ಟೆಂಬರ್ 23

ನೋಡು,

ನನಗೆ ಕಾಗದ ಬರೆದು ರೂಢಿ ಇಲ್ಲ. ಫೋನಿನಲ್ಲಿ ಹೇಳೋಣ ಅಂದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ. ನಿನ್ನ ಪರೀಕ್ಷೆ ಆಗುವ ತನಕ ಬಾಯಿ ಬಿಡಬಾರದು ಅಂತ ಆಣೆ ಹಾಕಿಸಿದ್ದಾಳೆ. ಮಿಲ್ಲಿನಲ್ಲಿ ಕೂತು ಬರೆಯುತ್ತಿದ್ದೇನೆ.

ಸಣ್ಣಿ ಹೋದಳು. ಸಂಜೆ ಮೇವು ಮುಟ್ಟಲಿಲ್ಲ, ಮೈ ಕಾದಿತ್ತು. ಬೆಳಿಗ್ಗೆ ನೋಡಿದರೆ ಕೆಚ್ಚಲಿನ ಒಂದು ಭಾಗ ನೀಲಿಯಾಗಿ ತಣ್ಣಗೆ ಆಗಿತ್ತು, ಹಿಂಡಿದರೆ ನೀರಿನಂಥದ್ದು, ಅದರಲ್ಲಿ ರಕ್ತ. ಅವತ್ತು ಶುಕ್ರವಾರ. ಡಾಕ್ಟರಿಗೆ ಫೋನು ಮಾಡಿದರೆ ದೂರದ ಕ್ಯಾಂಪಿನಲ್ಲಿದ್ದೇನೆ ಅಂದರು. ನಾನು ಪೇಟೆಗೆ ಓಡಿ ಇನ್ನೊಬ್ಬರನ್ನು ಕರೆತರುವ ಹೊತ್ತಿಗೆ ಅವಳು ಕಾಲು ಚಾಚಿಬಿಟ್ಟಿದ್ದಳು. ಅಮ್ಮ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಬಂದವರು ದೊಡ್ಡಮ್ಮನ ಹಾಲು ನೋಡಿ, "ಇದರಿಂದಲೇ ಹತ್ತಿದ್ದು, ಇದನ್ನ ಮೊದಲು ಕರೀತಿದ್ರಾ?" ಅಂತ ಕೇಳಿದರು. ಅಮ್ಮ ಹೌದು ಅಂದಳು.

ಗಯ್ಯಾಳಿಗೂ ಬಂದಿದೆ. ಎರಡು ತೊಟ್ಟು ಕಲ್ಲಾಗಿವೆ. ಡೇರಿಯವನು ಇನ್ನು ನಮ್ಮ ಕ್ಯಾನು ತರಲೇಬೇಡಿ ಅಂದ. ನಿನ್ನ ಪಾರ್ಸೆಲ್ ಸಣ್ಣಿಯನ್ನು ಹೂತು ಬಂದ ಮೇಲೆ ಬಂತು.

ಈಗ ಅಮ್ಮ ದೊಡ್ಡಮ್ಮನನ್ನು ಕೊನೆಗೆ ಕರೆಯುತ್ತಾಳೆ. ಮೊದಲು ಸಣ್ಣಿ ಕಟ್ಟುತ್ತಿದ್ದ ಗೂಟದ ಹತ್ತಿರ ಸ್ವಲ್ಪ ಹೊತ್ತು ಕೂತು, ಎದ್ದು ಗಯ್ಯಾಳಿಯ ಹತ್ತಿರ ಹೋಗುತ್ತಾಳೆ. ನನಗೆ ನೋಡಲಾಗುವುದಿಲ್ಲ. ಊಟಕ್ಕೂ ನಾವೆಲ್ಲ ಎದ್ದ ಮೇಲೆ ಕೂರುತ್ತಾಳೆ. "ಬಾರಮ್ಮ" ಅಂದರೆ "ನಿಮ್ದಾಗ್ಲಿ" ಅನ್ನುತ್ತಾಳೆ. ಕೈಹಿಡಿದು ಎಳೆದೆ, ಬರಲಿಲ್ಲ. ಕರುವಿಗೆ ಮಗು ಬಾಟಲಿಯಲ್ಲಿ ಹಾಲು ಕುಡಿಸುತ್ತೆ, ಅಂಗಡಿಯಿಂದ ತಂದ ಹಾಲು.

ನಾನು ಬರೆದೆ ಅಂತ ಅಮ್ಮನಿಗೆ ಹೇಳಬೇಡ ಅಂತ ಹೇಳೋಣ ಅಂದುಕೊಂಡೆ. ಹೇಳು ಪರವಾಗಿಲ್ಲ, ಯಾರಾದರೂ ಅವಳ ಹತ್ತಿರ ಮಾತಾಡಬೇಕು.

ನಿನ್ನವನು

ಸೆಪ್ಟೆಂಬರ್ 30

ಅತ್ತೆ,

ಇವರು ಬರೆದರು. ಅವರನ್ನು ಬೈಯಬೇಡಿ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಇಲ್ಲ ಅಂತ ಬರೆದರೆ ನೀವೇ ನಂಬುವುದಿಲ್ಲ. ಒಂದು ಹಸುವಿನ ಬಾಡಿದ ಮುಖ ನೋಡಲಾರದೆ ಇನ್ನೊಂದನ್ನು ಕಳೆದುಕೊಂಡಿರಿ. ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲಿದೆ. ನನಗೆ ಗೊತ್ತಿತ್ತು. ಇಲ್ಲಿ ಕೂತು ದಿನಾ ಅದನ್ನೇ ಓದುತ್ತಿದ್ದೆ, ಆದರೂ "ಆಗಲಿ ಅತ್ತೆ" ಅಂತ ಬರೆದೆ. ನಿಮಗೆ ಕೆಟ್ಟವಳಾಗಲು ಮನಸ್ಸು ಬರಲಿಲ್ಲ.

ಸಣ್ಣಿ ಹುಟ್ಟಿದಾಗ ಅವಳ ಮೈ ಒರೆಸಿದ್ದು ನಾನು. ಅಳುವುದಕ್ಕೂ ಇಲ್ಲಿ ಜಾಗವಿಲ್ಲ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ.

ಕೋರ್ಸು ಬಿಟ್ಟು ಬಂದುಬಿಡುತ್ತೇನೆ. ನೀವೊಬ್ಬರೇ ಅಲ್ಲಿ ಹೀಗೆ ಇರುವಾಗ ನನಗೆ ಇಲ್ಲಿ ಕೂತು ಪರೀಕ್ಷೆ ಬರೆಯಲು ಆಗುವುದಿಲ್ಲ. ದಯವಿಟ್ಟು ಎಲ್ಲರ ಜೊತೆ ಕೂತು ಊಟ ಮಾಡಿ.

ನಿಮ್ಮ ಸೊಸೆ

ಅಕ್ಟೋಬರ್ 19

ಮಗಳೇ,

ಬರಬೇಡ. ಬರಲು ಇಲ್ಲಿ ಏನೂ ಉಳಿದಿಲ್ಲ.

ಗಯ್ಯಾಳಿಯನ್ನು ಮಾರಿದೆವು. ಕರುವನ್ನು ಮೇಲುಕೇರಿಯವರು ಸಾಕುತ್ತೇವೆ ಅಂದರು, ಕೊಟ್ಟೆ. ಚಿನಕುರುಳಿ ಅತ್ತು ಅತ್ತು ನಿದ್ದೆ ಹೋದಳು. ದೊಡ್ಡಮ್ಮನೂ ಹೋದಳು. ಯಾರಿಗೆ ಕೊಟ್ಟೆ ಅಂತ ಕೇಳಬೇಡ, ನಿನ್ನ ಗಂಡನೂ ಕೇಳಲಿಲ್ಲ. ಲಾರಿ ಹತ್ತುವಾಗ ಹಿಂತಿರುಗಿ ನೋಡಿದಳು. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ನಿನ್ನ ಸಿಟ್ಟು ಓದಿದೆ. ಸರಿಯಾಗಿದೆ. ಈ ಮನೆಯಲ್ಲಿ ಎಲ್ಲರೂ ನನ್ನ ಸುತ್ತ ಮೆತ್ತಗೆ ನಡೆಯುತ್ತಿದ್ದಾರೆ, ಒಬ್ಬರೂ ಬೈಯಲಿಲ್ಲ. ನೀನು ಬೈದೆಯಲ್ಲ, ಅವತ್ತು ನಾನು ಹೊಟ್ಟೆ ತುಂಬ ಉಂಡೆ. ಕೊಟ್ಟಿಗೆ ಗುಡಿಸಿದೆ. ಬೆಳಿಗ್ಗೆ ಎಚ್ಚರ ಆದಾಗ ಮಾತ್ರ ಕೈಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಬೆರಳು ತಮ್ಮಷ್ಟಕ್ಕೆ ಮಡಚಿಕೊಳ್ಳುತ್ತವೆ.

ಆ ಮೇಡಂ ಹೇಳಿದ ಕೆಲಸಕ್ಕೆ ಸೇರಿಕೊ. ಅವತ್ತು ನೀನು ಆ ಕೆಲಸ ಬೇಡ ಅಂದಿದ್ದೆಯಲ್ಲ, ಹೋಗಿ ಕೇಳು, ನಾಚಿಕೆ ಪಡಬೇಡ. ಭಾನುವಾರ ನಿನ್ನ ಗಂಡ ಮಗುವನ್ನು ಕರೆದುಕೊಂಡು ಬರುತ್ತಾನೆ. ಅವನಿಗೂ ಅಲ್ಲಿ ಧೂಳಿಲ್ಲದ ಕೆಲಸ ಏನಾದರೂ ಇದೆಯಾ ನೋಡು. ನಾನು ಬರುವುದಿಲ್ಲ. ಮಗುವಿನ ಬಟ್ಟೆಯೆಲ್ಲ ಒಗೆದು ಮಡಚಿದ್ದೇನೆ. ಅವಳಿಗೆ ಈಗ ತಾನಾಗಿಯೇ ಸ್ನಾನ ಮಾಡಲು ಬರುತ್ತೆ, ಬೆನ್ನು ಮಾತ್ರ ಉಜ್ಜಬೇಕು. ಕತ್ತಲೆಗೆ ಹೆದರುತ್ತಾಳೆ, ಅದಕ್ಕೆ ಬೈಯಬೇಡ.

ನೀನು ಇನ್ನು ಎಷ್ಟೋ ಮನೆಗಳಿಗೆ ಹೋಗುತ್ತೀಯ. ಎಲ್ಲಾ ಮನೆಯಲ್ಲೂ ನನ್ನಂಥವಳು ಒಬ್ಬಳು ಬಕೆಟ್ಟು ಹಿಡಿದು ಕೂತಿರುತ್ತಾಳೆ. ನಿನ್ನ ಮಾತಿಗೆ ಮೂಗು ಮುರಿಯುತ್ತಾಳೆ, ಕಣ್ಣಲ್ಲಿ ನೀರು ಹಾಕಿಕೊಳ್ಳುತ್ತಾಳೆ, ತನ್ನ ಅತ್ತೆಯ ಕಾಲದ ಕತೆ ಹೇಳುತ್ತಾಳೆ. ನನಗೆ ಹೇಳಿದಷ್ಟು ಮೆತ್ತಗೆ ಅವಳಿಗೆ ಹೇಳಬೇಡ.

ನಿನ್ನ ಅತ್ತೆ